ಶಾಲೆಯಲ್ಲಿ ಶೀಲದ ಪಾಠ

ಶೀಲವು ವಿದ್ಯೆಗಿಂತ ಮಿಗಿಲೆಂಬುದನ್ನು ಒಪ್ಪದವರಿಲ್ಲ. ಅದನ್ನು ಎಳೆಯ ವಯಸ್ಸಿನಲ್ಲಿಯೇ ಬೆಳೆಸಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಮಕ್ಕಳು ಹಿರಿಯರಿಗೆ ಎದುರಾಡುತ್ತಾರೆ, ಹಂಚಿ ತಿನ್ನುವುದನ್ನು ಅರಿಯರು, ಸೋಲನ್ನು ಸಹಿಸಲಾರರು ಎಂಬ ದೂರು ಕೇಳಿಬಂದಾಗಲೆಲ್ಲ, ಶಾಲೆಗಳಲ್ಲಿ ನೀತಿಪಾಠವನ್ನು ಕಡ್ಡಾಯ ಮಾಡಬೇಕೆಂಬ ಪರಿಹಾರವೂ ಅದರ ಬೆನ್ನಿಗೇ ಬರುತ್ತದೆ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನಾನು ಈ ಪರಿಹಾರವನ್ನು ಬಹುಕಾಲ ನಂಬಿದ್ದೆ. ಆ ನಂಬಿಕೆ ಸಡಿಲವಾದ ಬಗೆಯನ್ನು ಮೊದಲು ನಿವೇದಿಸಿ, ಬಳಿಕ ವಿಷಯಕ್ಕೆ ಬರುತ್ತೇನೆ.

ನಾಲ್ಕನೆಯ ತರಗತಿ, ಶನಿವಾರದ ಬೆಳಗಿನ ಶಾಲೆ. ಮೊದಲ ಅವಧಿ ನೀತಿಪಾಠಕ್ಕೆ ಮೀಸಲು. ಅಂದು ನಾನು ಪಂಚತಂತ್ರದ ಮುಂಗುಸಿಯ ಕಥೆಯನ್ನು ಹೇಳಿದ್ದೆ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಅದರ ಬಾಯಿಯ ರಕ್ತವನ್ನು ಕಂಡ ಮಾತ್ರಕ್ಕೆ, ಮನೆಯವರೇ ಕೊಂದ ಕಥೆ ಅದು. ವಿಚಾರಿಸದೆ ಯಾರನ್ನೂ ತಪ್ಪಿತಸ್ಥರೆನ್ನಬಾರದೆಂಬ ನೀತಿಯನ್ನು ಮಕ್ಕಳು ಒಕ್ಕೊರಲಿನಿಂದ ಮೂರು ಸಲ ಒಪ್ಪಿಸಿದರು. ಮುಂದಿನ ಅವಧಿಯಲ್ಲಿ ಹುಡುಗಿಯೊಬ್ಬಳ ಹೊಸ ಕಂಪಾಸ್ ಪೆಟ್ಟಿಗೆ ಕಾಣೆಯಾಯಿತು. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ನೇರವಾಗಿ ಕೊನೆಯ ಸಾಲಿಗೆ ಹೋಗಿ, ಪೆನ್ಸಿಲನ್ನು ಕೂಡ ಬೇರೆಯವರಿಂದ ಕೇಳಿ ಪಡೆಯುತ್ತಿದ್ದ, ಕೂಲಿಯವರ ಮನೆಯ ಹುಡುಗನೊಬ್ಬನ ಚೀಲವನ್ನು ಎಲ್ಲರೆದುರು ನೆಲಕ್ಕೆ ಸುರಿದೆ. ಅಂಚು ಒಡೆದ ಸ್ಲೇಟು, ಎರಡು ಪುಸ್ತಕ, ಕಾಗದದಲ್ಲಿ ಸುತ್ತಿಟ್ಟ ಒಂದು ಚೂರು ಬೆಲ್ಲ. ಅಷ್ಟೇ. ಗಂಟೆ ಹೊಡೆಯುವ ಮೊದಲೇ ಪೆಟ್ಟಿಗೆ ಕಿಟಕಿಯ ಕಟ್ಟೆಯ ಮೇಲೆ ಸಿಕ್ಕಿತು; ಹುಡುಗಿಯೇ ಅಲ್ಲಿಟ್ಟು ಮರೆತಿದ್ದಳು. 'ಹೋಗಲಿ, ಕೂತ್ಕೋ' ಎಂದು ಹುಡುಗನಿಗೆ ಹೇಳಿ ನಾನು ಲೆಕ್ಕವನ್ನು ಮುಂದುವರಿಸಿದೆ.

ಸೋಮವಾರ ಮತ್ತೊಬ್ಬನ ರಬ್ಬರು ಕಳೆಯಿತು. ನಾನು ತರಗತಿಯೊಳಗೆ ಕಾಲಿಡುವಷ್ಟರಲ್ಲಿ ನಾಲ್ವರು ಹುಡುಗರು ಅದೇ ಹುಡುಗನನ್ನು ಸುತ್ತುವರಿದಿದ್ದರು. 'ಲೋ, ಚೀಲ ಸುರಿಯೋ' ಎನ್ನುತ್ತಿದ್ದವನ ನಿಲುವು, ಚಾಚಿದ ಕೈ, ಗಂಟಿಕ್ಕಿದ ಹುಬ್ಬು ಎಲ್ಲವೂ ನನ್ನವೇ. ಮುಂಗುಸಿಯ ಕಥೆ ಅವರಿಗೆ ಮರೆತಿರಲಿಲ್ಲ. ಕೇಳಿದ್ದರೆ ಚೆನ್ನಾಗಿಯೇ ಒಪ್ಪಿಸುತ್ತಿದ್ದರು. ಆದರೆ ಅವರು ಕಲಿತದ್ದು ಕಥೆಯಿಂದಲ್ಲ, ನನ್ನಿಂದ.

ಇದು ನನ್ನೊಬ್ಬನ ಅನುಭವವೇನೂ ಅಲ್ಲವೆಂಬುದು ಆಮೇಲೆ ಓದಿನಿಂದ ತಿಳಿಯಿತು. ಹಾರ್ಟ್‌ಷೋರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳನ್ನು ಪರೀಕ್ಷಿಸಿ, ೧೯೨೮ರಿಂದ ೧೯೩೦ರ ಅವಧಿಯಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದರು. ತಮ್ಮ ಉತ್ತರಗಳನ್ನು ತಾವೇ ತಿದ್ದಿಕೊಳ್ಳುವ ಅವಕಾಶವನ್ನು ಮಕ್ಕಳಿಗೆ ಕೊಟ್ಟು, ಯಾರು ಮೋಸ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂಬುದನ್ನು ಅವರು ಗುಟ್ಟಾಗಿ ಗಮನಿಸಿದರು. ಪ್ರಾಮಾಣಿಕರು ಇಷ್ಟು ಮಂದಿ, ಅಪ್ರಾಮಾಣಿಕರು ಇಷ್ಟು ಮಂದಿ ಎಂದು ಗೆರೆ ಎಳೆಯಲು ಅವರಿಂದ ಸಾಧ್ಯವಾಗಲಿಲ್ಲ. ಒಂದು ಸಂದರ್ಭದಲ್ಲಿ ಸತ್ಯವಂತನಾಗಿದ್ದ ಬಾಲಕ ಮತ್ತೊಂದರಲ್ಲಿ ವಂಚಿಸಿದ್ದ. ನೀತಿಯ ತಿಳಿವಳಿಕೆಗೂ ನಡತೆಗೂ ಇದ್ದ ನಂಟು ತೀರ ತೆಳುವಾಗಿತ್ತು. ಈ ಫಲಿತಾಂಶದ ಬಗೆಗೆ ಮುಂದೆ ಸಾಕಷ್ಟು ಚರ್ಚೆ ನಡೆಯಿತಾದರೂ, ಸದ್ಗುಣವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಲು ಬಾರದೆಂಬ ಮಾತು ಉಳಿದುಕೊಂಡಿತು.

ಹಾಗಾದರೆ ಮಕ್ಕಳು ನ್ಯಾಯವನ್ನು ಎಲ್ಲಿ ಕಲಿಯುತ್ತಾರೆ? ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಈ ಪ್ರಶ್ನೆಯನ್ನು ಹಿಡಿದು ಮಕ್ಕಳ ಗೋಲಿಯಾಟದ ಬಳಿಗೆ ಹೋದರು. ಅವರ ಗ್ರಂಥ ಪ್ರಕಟವಾದದ್ದು ೧೯೩೨ರಲ್ಲಿ. ಐದಾರು ವರ್ಷದ ಮಗುವಿಗೆ ಆಟದ ನಿಯಮವೆಂದರೆ ದೊಡ್ಡವರು ಹಾಕಿಕೊಟ್ಟದ್ದು, ಬದಲಿಸಬಾರದ್ದು; ಆದರೂ ಆಡುವಾಗ ಮಗು ಅದನ್ನು ತನಗೆ ತೋಚಿದಂತೆ ಮೀರುತ್ತದೆ. ಹತ್ತು ಹನ್ನೊಂದರ ವಯಸ್ಸಿನವರು ನಿಯಮವೆಂಬುದು ಆಡುವವರೆಲ್ಲರ ಒಪ್ಪಂದವೆಂದು ಅರಿಯುತ್ತಾರೆ. ಎಲ್ಲರೂ ಒಪ್ಪಿದರೆ ಬದಲಿಸಬಹುದೆನ್ನುತ್ತಾರೆ. ಅದರಿಂದಲೇ ಅದಕ್ಕೆ ಹೆಚ್ಚು ನಿಷ್ಠರಾಗಿರುತ್ತಾರೆ. ಮೇಲಿನವರ ಆಜ್ಞೆಗಿಂತ ಸರೀಕರೊಡನೆಯ ವ್ಯವಹಾರದಲ್ಲಿ ನ್ಯಾಯಬುದ್ಧಿ ಹೆಚ್ಚಾಗಿ ಬೆಳೆಯುತ್ತದೆಂಬುದು ಪಿಯಾಜೆಯವರ ನಿರ್ಣಯ. ನಮ್ಮ ಶಾಲೆಯ ಅಂಗಳದಲ್ಲಿ ಕುಂಟಬಿಲ್ಲೆ ಆಡುವ ಹುಡುಗಿಯರನ್ನು ನೋಡಿ. ಗೆರೆ ತುಳಿದವಳು, ಯಾವ ಹಿರಿಯರೂ ನೋಡದಿದ್ದಾಗ, ತಾನಾಗಿಯೇ ಹೊರಗೆ ಬಂದು ನಿಲ್ಲುವುದುಂಟು. ಹೊರಬರದಿದ್ದರೆ ನಾಳೆ ಅವಳೊಡನೆ ಯಾರೂ ಆಡುವುದಿಲ್ಲ. ಆಟದ ಅವಧಿಯನ್ನು ಕಸಿದು ಲೆಕ್ಕಕ್ಕೆ ಕೊಡುವ ನಾವು ಯಾವ ಪಾಠವನ್ನು ಕಸಿಯುತ್ತಿದ್ದೇವೆಂಬುದನ್ನು ಯೋಚಿಸಬೇಕು.

ಅಂಗಳದ ಈ ಪಾಠ ತರಗತಿಯೊಳಗೆ ಬರಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ೧೯೭೧ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಬಿಳಿಯ, ಕರಿಯ ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಯಲ್ಲಿ ಕೂಡಿದಾಗ ಹೊಡೆದಾಟಗಳು ನಡೆದವು. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿ ಮಕ್ಕಳಿಗೆ ಸೌಹಾರ್ದದ ಉಪನ್ಯಾಸ ಕೊಡಲಿಲ್ಲ. ಪಾಠ ನಡೆಯುವ ರೀತಿಯನ್ನೇ ಬದಲಿಸಿದರು. ಐದಾರು ಮಕ್ಕಳ ಗುಂಪುಗಳನ್ನು ಮಾಡಿ, ಪಾಠವನ್ನು ಅಷ್ಟೇ ತುಣುಕುಗಳಾಗಿ ಒಡೆದು, ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟರು. ತನ್ನ ತುಣುಕನ್ನು ಕಲಿತವನು ಉಳಿದವರಿಗೆ ಕಲಿಸಬೇಕು. ಪರೀಕ್ಷೆಯಾದರೋ ಇಡೀ ಪಾಠದ ಮೇಲೆ. ತಡವರಿಸುವವನನ್ನು ಹಂಗಿಸಿದರೆ ತಮಗೇ ನಷ್ಟವೆಂಬುದು ಮಕ್ಕಳಿಗೆ ಬೇಗನೆ ಅರಿವಾಯಿತು. ಹಂಗಿಸುವುದನ್ನು ಬಿಟ್ಟು ಅವನನ್ನು ಪ್ರಶ್ನೆ ಕೇಳತೊಡಗಿದರು. ಕೆಲವೇ ವಾರಗಳಲ್ಲಿ ಪರಸ್ಪರ ವಿಶ್ವಾಸ ಹೆಚ್ಚಿತು. ಹಿಂದುಳಿದವರ ಅಂಕಗಳೂ ಏರಿದವು.

ನಾನು ಇದನ್ನು ಕಾವೇರಿಯ ಪಾಠದಲ್ಲಿ ಪ್ರಯತ್ನಿಸಿದೆ. ತಲಕಾವೇರಿಯ ಉಗಮ ಒಬ್ಬರಿಗೆ, ಉಪನದಿಗಳು ಒಬ್ಬರಿಗೆ, ಕೃಷ್ಣರಾಜಸಾಗರದ ಅಣೆಕಟ್ಟು ಒಬ್ಬರಿಗೆ, ೧೯೦೨ರಲ್ಲಿ ಶಿವನಸಮುದ್ರದಲ್ಲಿ ಆರಂಭವಾದ ವಿದ್ಯುತ್ ಉತ್ಪಾದನೆ ಒಬ್ಬರಿಗೆ, ನದಿ ಕಡಲು ಸೇರುವ ಬಗೆ ಒಬ್ಬರಿಗೆ. ಒಂದೇ ತುಣುಕು ಬಂದವರು ಮೊದಲು ಒಟ್ಟಿಗೆ ಕುಳಿತು ಅಭ್ಯಾಸ ಮಾಡಿಕೊಂಡು, ಅನಂತರ ತಮ್ಮ ತಮ್ಮ ಗುಂಪಿಗೆ ಮರಳುವಂತೆ ಏರ್ಪಡಿಸಿದ್ದೆ. ಮೊದಲ ದಿನ ಗದ್ದಲವೋ ಗದ್ದಲ. ಮೂರನೆಯ ವಾರಕ್ಕೆ, ಎಂದೂ ಬಾಯಿ ಬಿಡದ ಮಕ್ಕಳ ದನಿಯನ್ನು ನಾನು ಕೇಳಿದೆ. ಇದಕ್ಕೆ ಹಣ ಬೇಕಿಲ್ಲ, ಉಪಕರಣ ಬೇಕಿಲ್ಲ. ಉಪಾಧ್ಯಾಯನು ಸ್ವಲ್ಪ ಹೊತ್ತು ಸುಮ್ಮನಿರಲು ಕಲಿಯಬೇಕು, ಅದೇ ಕಷ್ಟ.

ನಮ್ಮ ಶಾಲೆಗಳಲ್ಲಿ ಇಂಥ ಅವಕಾಶಗಳಿಗೆ ಕೊರತೆಯಿಲ್ಲ. ಕರ್ನಾಟಕದಲ್ಲಿ ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ೨೦೦೨ರಲ್ಲಿ ಆರಂಭವಾಯಿತು. ಊಟವೆಂದರೆ ಹೊಟ್ಟೆ ತುಂಬುವುದಷ್ಟೇ ಅಲ್ಲ. ಯಾರ ಪಕ್ಕದಲ್ಲಿ ಯಾರು ಕುಳಿತರು, ಬಡಿಸುವವರು ಯಾರು, ಸಾಲಿನ ಕೊನೆಯವನಿಗೂ ತರಕಾರಿ ಸಿಕ್ಕಿತೇ ಎಂಬ ಪ್ರತಿಯೊಂದು ಸಂಗತಿಯೂ ಒಂದೊಂದು ಪಾಠ. ಜಾತಿಯ ನೆರಳು ಪಂಕ್ತಿಯಲ್ಲಿ ಸುಳಿದರೆ ಸಮಾನತೆಯ ಮೇಲಿನ ಪ್ರಬಂಧದಿಂದ ಅದನ್ನು ಓಡಿಸಲಾಗದು. ಅಂಗಳ ಗುಡಿಸುವ ಸರದಿಯೂ ಹಾಗೆಯೇ. ಅದು ಹುಡುಗಿಯರಿಗೆ, ಇಲ್ಲವೇ ಗೊತ್ತಾದ ಕೆಲವು ಮನೆಗಳ ಮಕ್ಕಳಿಗೆ ಮಾತ್ರ ಬಂದರೆ ಮಕ್ಕಳು ಕಲಿಯುವುದು ಶ್ರಮದ ಗೌರವವನ್ನಲ್ಲ, ಅಗೌರವವನ್ನು. ಮುಖ್ಯೋಪಾಧ್ಯಾಯರ ಮಗನಿಗೂ ಸರದಿ ಬರಬೇಕು. ಮುಖ್ಯೋಪಾಧ್ಯಾಯರ ಕೈಗೂ ಒಮ್ಮೊಮ್ಮೆ ಪೊರಕೆ ಬರಬೇಕು.

ಹಾಗೆಂದು ಕಥೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಕಥೆಯಿಲ್ಲದ ಬಾಲ್ಯ ಬರಡು. ಕಥೆಯಿಂದ ಮಗುವಿಗೆ ಇನ್ನೊಬ್ಬರ ನೋವು ಕಾಣುತ್ತದೆ, ಹೇಳಲು ಮಾತು ಸಿಗುತ್ತದೆ. ಆದರೆ ಕಥೆ ಬಿತ್ತಿದ್ದು ಬೇರೂರಬೇಕಾದರೆ ಶಾಲೆಯ ದಿನನಿತ್ಯದ ನಡವಳಿಕೆಯ ನೆಲ ಹದವಾಗಿರಬೇಕು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆಯ ೧೭ನೆಯ ಪ್ರಕರಣವು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾನು ಆ ಚೀಲವನ್ನು ಸುರಿದಾಗ ಅಂಥ ಕಾನೂನು ಇರಲಿಲ್ಲ. ಆದರೆ ಅದು ತಪ್ಪೆಂದು ತಿಳಿಯಲು ಕಾನೂನು ಬೇಕಾಗಿಯೂ ಇರಲಿಲ್ಲ.

ಸೋಮವಾರದ ಆ ದೃಶ್ಯವನ್ನು ಕಂಡು ನಾನು ಮರುದಿನದವರೆಗೆ ಹಿಂಜರಿದೆ. ಮಕ್ಕಳೆದುರು ತಪ್ಪೊಪ್ಪಿಕೊಂಡರೆ ಮೇಷ್ಟ್ರ ಮರ್ಯಾದೆ ಉಳಿದೀತೇ ಎಂಬ ಅಂಜಿಕೆ. ಮಂಗಳವಾರ ಹಾಜರಿ ಮುಗಿಸಿ, ಆ ಹುಡುಗನನ್ನು ನಿಲ್ಲಿಸದೆ ನಾನೇ ನಿಂತುಕೊಂಡು, ಶನಿವಾರ ನಾನು ಮಾಡಿದ್ದು ತಪ್ಪು, ಮುಂಗುಸಿಯ ಕಥೆಯನ್ನು ನಾನೇ ಕಲಿತಿರಲಿಲ್ಲ ಎಂದೆ. ತರಗತಿ ನಿಶ್ಶಬ್ದವಾಗಿತ್ತು. ಹುಡುಗ ತಲೆಯೆತ್ತಲಿಲ್ಲ. ಮಧ್ಯಾಹ್ನ ಗಂಟೆಯಾದ ಮೇಲೆ ಮೇಜಿನ ಬಳಿ ಬಂದು, 'ಸಾರ್, ನಾನು ಮುಂದಿನ ಸಾಲಲ್ಲಿ ಕೂತ್ಕೊಳ್ಳಲಾ?' ಎಂದು ಕೇಳಿದ. ಆ ವರ್ಷವೆಲ್ಲ ಅವನು ಅಲ್ಲಿಯೇ ಕುಳಿತ. ಆಮೇಲೆ ಆ ತರಗತಿಯಲ್ಲಿ ಏನಾದರೂ ಕಳೆದುಹೋದರೆ ಮಕ್ಕಳು ಮೊದಲು ಕಿಟಕಿಯ ಕಟ್ಟೆಯ ಮೇಲೆ ಹುಡುಕುತ್ತಿದ್ದರು.