ಸ್ಫಟಿಕದ ಗಿಡಕ್ಕೆ ಕತ್ತರಿ ಹಾಕೋದು ಯಾವಾಗ?

"ಗಿಡ ಹಸಿರಾಗಿ ಚೆನ್ನಾಗೇ ಇದೆ, ಆದ್ರೆ ಹೂವೇ ಇಲ್ಲ." ಸ್ಫಟಿಕದ ಗಿಡ ಬೆಳೆಸಿದವರಿಂದ ಡಿಸೆಂಬರ್‌ನಲ್ಲಿ ಕೇಳಿಬರುವ ಮಾತಿದು. ಇಂಥ ಕಡೆ ಹೆಚ್ಚಿನ ಸಲ ರೋಗವೂ ಇರಲ್ಲ, ಹುಳವೂ ಇರಲ್ಲ. ದಸರಾಕ್ಕೆ ಮುಂಚೆ ಬದು ಚೊಕ್ಕಟ ಮಾಡುವಾಗ ಈ ಗಿಡವನ್ನೂ ಒಂದೇ ಮಟ್ಟಕ್ಕೆ ಸವರಿಬಿಟ್ಟಿರುತ್ತಾರೆ. ಹೂ ಬಿಡಬೇಕಾಗಿದ್ದ ಕುಡಿಗಳೆಲ್ಲ ಅವತ್ತೇ ಗೊಬ್ಬರದ ಗುಂಡಿ ಸೇರಿರುತ್ತವೆ.

ಈ ಗಿಡಕ್ಕೆ ನೀರು ಕಡಿಮೆ ಸಾಕು, ಗೊಬ್ಬರ ಕಡಿಮೆ ಸಾಕು. ಸರಿಯಾಗಿ ಬೇಕಾದದ್ದು ಕತ್ತರಿ ಹಾಕುವ ಸಮಯ ಒಂದೇ. ಅದನ್ನೇ ಈ ವಾರ ನೋಡೋಣ.

ಯಾವ ಗಿಡ ಇದು?

ಕೆಲವರು ಸ್ಫಟಿಕ ಅಂತಾರೆ, ಕೆಲವರು ಗೋರಂಟೆ ಅಂತಾರೆ, ಪೇಟೆ ಕಡೆ ಡಿಸೆಂಬರ್ ಹೂ ಅಂದ್ರೂ ಗೊತ್ತಾಗುತ್ತೆ. ಸಸ್ಯಶಾಸ್ತ್ರದ ಹೆಸರು ಬಾರ್ಲೇರಿಯಾ ಕ್ರಿಸ್ಟೇಟಾ. ಕನಕಾಂಬರದ ಕುಟುಂಬಕ್ಕೇ ಸೇರಿದ್ದು. ಮೂರರಿಂದ ನಾಲ್ಕು ಅಡಿ ಎತ್ತರದ ಪೊದೆ, ಸವರದೆ ಬಿಟ್ಟರೆ ಇನ್ನೂ ಎತ್ತರ ಹೋಗುತ್ತೆ. ಆಲಿಕೆಯಂಥ ನೀಲಿ-ನೇರಳೆ ಹೂ. ಬಿಳಿ, ಗುಲಾಬಿ ಮತ್ತು ಪಟ್ಟೆ ಇರುವ ಬಗೆಗಳೂ ಇವೆ. ಹಳದಿ ಹೂವಿನ ಮುಳ್ಳು ಗೋರಂಟೆ ಇದರ ದಾಯಾದಿ, ಅದೇ ಬೇರೆ ಗಿಡ. ಸ್ಫಟಿಕದ ಕಾಂಡದಲ್ಲಿ ಮುಳ್ಳಿಲ್ಲ. ಹೂವಿನ ಬುಡದ ಹಸಿರು ಎಸಳುಗಳ ಅಂಚು ಮಾತ್ರ ಸ್ವಲ್ಪ ಚುಚ್ಚುತ್ತೆ.

ಹಗಲು ಚಿಕ್ಕದಾಗಿ ಚಳಿ ಶುರುವಾಗುವ ಹೊತ್ತಿಗೆ ಇದು ಮೊಗ್ಗು ಕಟ್ಟುತ್ತೆ. ಕಾರ್ತಿಕದಿಂದ ಧನುರ್ಮಾಸದವರೆಗೆ ಹೂ. ಚಳಿಗೆ ಮಲ್ಲಿಗೆ ಇಳುವರಿ ಇಳಿಯುವ ಕಾಲವೂ ಅದೇ. ಪೂಜೆಗೆ, ಮುಡಿಯೋಕೆ ಹೂ ಬೇಕಾಗಿರುವಾಗ ಬದುವಿನ ಮೇಲಿನ ಗಿಡದಿಂದ ನಾಲ್ಕು ಕಾಸು ಬಂದರೆ ಬೇಡ ಅನ್ನೋರು ಯಾರು? ಬೇರೆ ಹೂ ಕಡಿಮೆ ಇರುವಾಗ ಜೇನುನೊಣಕ್ಕೂ ಮೇವಾಗುತ್ತೆ.

ಹೂ ಎಲ್ಲಿ ಬರುತ್ತೆ ಅನ್ನೋದು ಗೊತ್ತಿರಬೇಕು

ಸ್ಫಟಿಕ ಹೂ ಬಿಡೋದು ಅದೇ ವರ್ಷ ಚಿಗುರಿದ ಹೊಸ ರೆಂಬೆಯಲ್ಲಿ, ಕುಡಿಯಲ್ಲಿ ಮತ್ತು ಅದರ ಕೆಳಗಿನ ಎಲೆ ಕಂಕುಳಲ್ಲಿ. ಇದರಿಂದ ಎರಡು ವಿಷಯ ತಿಳಿಯುತ್ತೆ. ಒಂದು, ಹೊಸ ರೆಂಬೆ ಎಷ್ಟು ಹೆಚ್ಚೋ ಹೂ ಅಷ್ಟು ಹೆಚ್ಚು. ಹಾಗಾಗಿ ಸವರದೇ ಬಿಟ್ಟ ಗಿಡ ಬುಡದಲ್ಲಿ ಬೋಳಾಗಿ, ಮೇಲೆ ಮಾತ್ರ ನಾಲ್ಕು ಹೂ ತೋರಿಸುತ್ತೆ. ಎರಡು, ಚಿಗುರಿದ ರೆಂಬೆ ಬಲಿತು ಮೊಗ್ಗು ಕಟ್ಟೋಕೆ ಎರಡು-ಮೂರು ತಿಂಗಳು ಸಮಯ ಬೇಕು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕತ್ತರಿಸಿದರೆ ಆ ಸಮಯ ಸಿಗಲ್ಲ.

ಕತ್ತರಿ ಮೂರು ಸಲ

ಮೊದಲನೆಯದು, ಹೂ ಮುಗಿದ ಮೇಲೆ. ಫೆಬ್ರವರಿಯಲ್ಲಿ ಒಣಗಿದ ಹೂ ತೆನೆಗಳನ್ನು ಅರ್ಧ ಅಡಿ ರೆಂಬೆ ಸಮೇತ ತೆಗೀರಿ. ಕಾಯಿ ಬಲಿಯುವ ಮುಂಚೆಯೇ ಈ ಕೆಲಸ ಆಗಬೇಕು. ಒಣ ಕಾಯಿ ನೀರು ಸೋಕಿದರೆ ಸಿಡಿದು ಬೀಜ ಎಸೆಯುತ್ತೆ. ಹಾಗೇ ಬಿಟ್ಟರೆ ಮುಂದಿನ ಮಳೆಗೆ ಹೊಲದೊಳಗೂ ಸಸಿ ಏಳುತ್ತವೆ.

ಎರಡನೆಯದು, ಗಟ್ಟಿ ಸವರುವಿಕೆ. ನೀರಿನ ಅನುಕೂಲ ಇದ್ದರೆ ಇದನ್ನೂ ಫೆಬ್ರವರಿ-ಮಾರ್ಚ್‌ನಲ್ಲೇ ಮುಗಿಸಬಹುದು. ಮಳೆಯಾಶ್ರಿತ ಬದುವಿನಲ್ಲಿ ಅವಸರ ಬೇಡ. ಬೇಸಿಗೆಯಲ್ಲಿ ಬೋಳು ಮಾಡಿದ ಗಿಡಕ್ಕೆ ಚಿಗುರೋಕೆ ನೀರಿಲ್ಲ ಅಂದ್ರೆ ಬುಡವೇ ಒಣಗಬಹುದು. ಅಂಥ ಕಡೆ ಮುಂಗಾರಿನ ಮೊದಲ ಒಳ್ಳೆ ಮಳೆ ಬಿದ್ದ ಮೇಲೆ ಸವರಿ. ಎರಡು ವರ್ಷ ದಾಟಿದ ಗಿಡವನ್ನು ನೆಲದಿಂದ ಒಂದು ಅಡಿಗೆ ಇಳಿಸಿ. ಒಣಗಿದ, ಒಂದಕ್ಕೊಂದು ತಿಕ್ಕುವ, ಪೆನ್ಸಿಲ್‌ಗಿಂತ ತೆಳು ಇರುವ ರೆಂಬೆಗಳನ್ನು ಬುಡಕ್ಕೇ ತೆಗೀರಿ. ಗೆಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ, ಹರಿತವಾದ ಕತ್ತರಿಯಿಂದಲೇ ಕತ್ತರಿಸಿ. ಮೊಂಡು ಮಚ್ಚಿನಿಂದ ಬಡಿದರೆ ರೆಂಬೆ ಸೀಳಿ ಒಣಗುತ್ತಾ ಹೋಗುತ್ತೆ.

ಮೂರನೆಯದು, ಕುಡಿ ಚಿವುಟೋದು. ಹೊಸ ಚಿಗುರು ಎಂಟು-ಹತ್ತು ಇಂಚು ಬೆಳೆದಾಗ ತುದಿಯನ್ನು ಬೆರಳಲ್ಲೇ ಚಿವುಟಿ. ಒಂದು ಕುಡಿ ಹೋದ ಕಡೆ ಎರಡು ಬರುತ್ತವೆ. ಜುಲೈನಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಸಾಕು. ಆಗಸ್ಟ್ 15 ದಾಟಿದ ಮೇಲೆ ಕತ್ತರಿಯನ್ನು ಒಳಗಿಡಿ. ದಸರಾಕ್ಕೆ ಬದು ನೋಡೋಕೆ ಅಂದವಾಗಿರಬೇಕು ಅಂದ್ರೆ ಹುಲ್ಲು ಕೊಯ್ಯಿರಿ, ದಾರಿಗೆ ಅಡ್ಡ ಬಂದ ರೆಂಬೆ ಮಾತ್ರ ತೆಗೀರಿ. ಕೆಲಸಕ್ಕೆ ಬರುವವರಿಗೂ ಇದನ್ನು ಮೊದಲೇ ಹೇಳಿಡಿ.

ಹಳೇ ಗಿಡ ಪೂರ್ತಿ ಕಡ್ಡಿಯಾಗಿದ್ದರೆ ಮಳೆಗಾಲದ ಶುರುವಿನಲ್ಲಿ ಗೇಣುದ್ದಕ್ಕೆ ಕಡಿದು ಹೊಸದಾಗಿ ಚಿಗುರಿಸಬಹುದು. ಒಂದೇ ವರ್ಷ ಸಾಲೆಲ್ಲ ಕಡೀಬೇಡಿ. ಮೂರರಲ್ಲಿ ಒಂದು ಭಾಗದಂತೆ ಮೂರು ವರ್ಷಕ್ಕೆ ಹಂಚಿಕೊಂಡರೆ ಯಾವ ವರ್ಷವೂ ಹೂ ಪೂರ್ತಿ ತಪ್ಪಲ್ಲ.

ಹೊಸದಾಗಿ ನೆಡೋರಿಗೆ

ಸವರಿದಾಗ ಸಿಗುವ ಕಡ್ಡಿಯೇ ಸಾಕು, ದುಡ್ಡು ಕೊಟ್ಟು ಸಸಿ ತರಬೇಕಿಲ್ಲ. ಅರೆ ಬಲಿತ, ಮೂರು-ನಾಲ್ಕು ಗೆಣ್ಣಿರುವ ಗೇಣುದ್ದದ ಕಡ್ಡಿ ಆರಿಸಿ. ಕೆಳಗಿನ ಎಲೆ ತೆಗೆದು, ಮರಳು ಮತ್ತು ಎರೆಗೊಬ್ಬರ ಬೆರೆಸಿದ ಚೀಲದಲ್ಲಿ ಎರಡು ಗೆಣ್ಣು ಮುಚ್ಚುವಂತೆ ನೆಟ್ಟು ನೆರಳಲ್ಲಿಡಿ. ಒಂದು ತಿಂಗಳಲ್ಲಿ ಬೇರು ಬರುತ್ತೆ. ಬೇಲಿ ಸಾಲಿಗೆ ಒಂದೂವರೆ ಅಡಿ, ಹೂವಿಗೆ ಅಂತಲೇ ಹಾಕೋದಾದ್ರೆ ಎರಡರಿಂದ ಎರಡೂವರೆ ಅಡಿ ಅಂತರ ಕೊಡಿ. ಬಿಸಿಲು ಚೆನ್ನಾಗಿ ಬೀಳಬೇಕು. ನೆರಳಲ್ಲೂ ಬದುಕುತ್ತೆ, ಆದ್ರೆ ಹೂ ಕಡಿಮೆ. ಕೆಂಪು ಮಣ್ಣು, ಗರಸು ಮಣ್ಣು ನಡೆಯುತ್ತೆ. ನೀರು ನಿಲ್ಲುವ ಜಾಗ ಮಾತ್ರ ಬೇಡವೇ ಬೇಡ, ಬೇರು ಕೊಳೆಯುತ್ತೆ.

ಮೊದಲ ವರ್ಷ ನೀರು ತಪ್ಪಿಸಬೇಡಿ. ಬೇರು ಇಳಿದ ಮೇಲೆ ಒಣಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ತಡೆಯುತ್ತೆ. ಬುಡಕ್ಕೆ ಒಣ ಎಲೆ, ತರಗು ಮುಚ್ಚಿಗೆ ಹಾಕಿ. ಮೊಗ್ಗು ಕಾಣಿಸುವ ಹೊತ್ತಿಗೆ ಹಿಂಗಾರು ಕೈಕೊಟ್ಟರೆ ಒಂದೆರಡು ಸಲ ನೀರು ಕೊಡಿ, ಇಲ್ಲದಿದ್ದರೆ ಮೊಗ್ಗು ಉದುರುತ್ತೆ.

ಗೊಬ್ಬರವೂ ಹಾಗೇ. ಜೂನ್‌ನಲ್ಲಿ ಗಿಡಕ್ಕೆ ಒಂದು ಬೊಗಸೆ ಎರೆಗೊಬ್ಬರ ಅಥವಾ ಒಂದೆರಡು ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಆಗಸ್ಟ್ ನಂತರ ಸಗಣಿ ರಾಡಿ ಜಾಸ್ತಿ ಸುರಿದರೆ ಸಾರಜನಕ ಹೆಚ್ಚಾಗಿ ಗಿಡ ಸೊಪ್ಪಿಗೆ ಬೀಳುತ್ತೆ. ಬಿಳಿ ಹಿಟ್ಟು ತಿಗಣೆ ಕಂಡರೆ ಆ ಕುಡಿ ಕಿತ್ತು ಹಾಕಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಮಾರೋದಾದ್ರೆ

ಈ ಹೂವಿಗೆ ವಾಸನೆ ಇಲ್ಲ, ಬೇಗ ಬಾಡುತ್ತೆ. ಬೆಳಗ್ಗೆ ಬೇಗ ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿ, ಅವತ್ತೇ ಮಾರಬೇಕು. ಹೂವನ್ನು ಮಾತ್ರ ಮೆಲ್ಲಗೆ ಎಳೆದುಕೊಳ್ಳಿ, ಚುಚ್ಚುವ ಬುಡ ಗಿಡದಲ್ಲೇ ಇರಲಿ. ಉದ್ದ ತೊಟ್ಟಿನಂಥ ಕೊಳವೆ ಇರೋದರಿಂದ ಕಟ್ಟೋಕೆ ಸುಲಭ. ಬಿಡಿ ಹೂವಿಗಿಂತ ಮನೆಯಲ್ಲೇ ಕಟ್ಟಿ ಮಾರು ಲೆಕ್ಕದಲ್ಲಿ ಕೊಟ್ಟರೆ ಒಂದಿಷ್ಟು ಹೆಚ್ಚು ಕೈಗೆ ಬರುತ್ತೆ. ಆದರೆ ಎಲ್ಲ ಊರಲ್ಲೂ ಇದಕ್ಕೆ ಗಿರಾಕಿ ಇರಲ್ಲ. ಹತ್ತಿರದ ಪೇಟೆಯಲ್ಲಿ ಹೂ ಕಟ್ಟುವವರನ್ನು ಕೇಳಿಕೊಂಡು, ಮೊದಲ ವರ್ಷ ಬದುವಿನ ಒಂದು ಸಾಲು ಮಾತ್ರ ಹಾಕಿ ನೋಡಿ.

ಗೋಡೆಗೆ ಅಂಟಿಸಿಕೊಳ್ಳೋಕೆ ಚಿಕ್ಕದಾಗಿ:

ಫೆಬ್ರವರಿ – ಒಣ ತೆನೆ ತೆಗೆಯೋದು, ನೀರಿದ್ದರೆ ಗಟ್ಟಿ ಸವರುವಿಕೆ.
ಜೂನ್ – ಮಳೆಯಾಶ್ರಿತ ಗಿಡಕ್ಕೆ ಗಟ್ಟಿ ಸವರುವಿಕೆ, ಗೊಬ್ಬರ, ಕಡ್ಡಿ ನೆಡೋದು.
ಜುಲೈನಿಂದ ಆಗಸ್ಟ್ ಮೊದಲ ವಾರ – ಎರಡು ಸಲ ಕುಡಿ ಚಿವುಟೋದು.
ಆಗಸ್ಟ್ 15ರ ನಂತರ – ಕತ್ತರಿ ಮುಟ್ಟಬೇಡಿ.
ಅಕ್ಟೋಬರ್ – ಮಳೆ ಇಲ್ಲದಿದ್ದರೆ ಮೊಗ್ಗಿಗೆ ನೀರು.
ನವೆಂಬರ್‌ನಿಂದ ಜನವರಿ – ಹೂ.