ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣದ ಕೊರತೆ

ಮೂರನೆಯ ಮಾಳಿಗೆ ಏರುವಷ್ಟರಲ್ಲಿ ಏದುಸಿರು, ಲೋಕಲ್ ರೈಲಿನಲ್ಲಿ ನಿಂತರೆ ತಲೆಸುತ್ತು. ಮುಂಬಯಿಯ ಗೃಹಿಣಿ ಇದನ್ನು ದುಡಿಮೆಯ ದಣಿವೆಂದೇ ಬಗೆಯುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು.

ರಕ್ತಪರೀಕ್ಷೆಯೆಂದರೆ ಹಿಮೋಗ್ಲೋಬಿನ್ ಒಂದೇ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಗರ್ಭಿಣಿಯಲ್ಲದ ಸ್ತ್ರೀಗೆ ಡೆಸಿಲೀಟರಿಗೆ 12 ಗ್ರಾಂ, ಪುರುಷನಿಗೆ 13 ಗ್ರಾಂ ಇದ್ದರೆ ರಕ್ತಹೀನತೆಯಿಲ್ಲ, ನಿಜ. ಆದರೆ ದೇಹದಲ್ಲಿ ಕಬ್ಬಿಣದ ಕಣಜವೊಂದಿದೆ. ಮೊದಲು ಬರಿದಾಗುವುದು ಅದು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆ ಕಣಜವನ್ನು ಅಳೆಯುವುದು ಫೆರಿಟಿನ್ ಪರೀಕ್ಷೆ. ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಕೊರತೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಸೋಂಕು, ಉರಿಯೂತಗಳಿದ್ದಾಗ ಫೆರಿಟಿನ್ ಹುಸಿಯಾಗಿ ಏರುವುದರಿಂದ 70ರ ಕೆಳಗಿದ್ದರೂ ಸಂಶಯಿಸಬೇಕು.

ಕೆಂಪುಕಣಗಳು ಚಿಕ್ಕವೆಂದೊಡನೆ ಕಬ್ಬಿಣದ ಮಾತ್ರೆ ನುಂಗುವುದೂ ವಿವೇಕವಲ್ಲ. ಥಲಸ್ಸೀಮಿಯಾ ವಾಹಕರಲ್ಲೂ ಅವು ಚಿಕ್ಕವೇ. ಅದಕ್ಕೆ ಪರೀಕ್ಷೆಯೇ ಬೇರೆ.

ಇನ್ನು ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಈ ಕೊರತೆ ಕಂಡರೆ, ಜಠರ ಕರುಳುಗಳಲ್ಲಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ಶೋಧಿಸಲೇಬೇಕು. ಮೂಲವ್ಯಾಧಿಯೆಂದು ನಾಚಿ ಮುಚ್ಚಿಟ್ಟ ರಕ್ತಸ್ರಾವವು ಕರುಳಿನ ಕ್ಯಾನ್ಸರಿನದಾಗಿರುವುದೂ ಉಂಟು.