ಪಂಚೋ, ಎಕ್ಸ್‌ಟರೋ? ಮನೆಯ ಏರನ್ನು ಕೇಳಿ ನೋಡಿ

ಕಾರು ಕೊಳ್ಳಲು ಹೊರಟವನಿಗೆ ನಮ್ಮ ಕಡೆ ಸಲಹೆಗಾರರ ಕೊರತೆಯಿಲ್ಲ. ಹಾಲಿನ ಸೊಸೈಟಿಯಲ್ಲಿ ಒಬ್ಬರು ಒಂದು ಹೆಸರು ಹೇಳಿದರೆ ಕ್ಷೌರದಂಗಡಿಯಲ್ಲಿ ಇನ್ನೊಬ್ಬರು ಅದನ್ನು ತಳ್ಳಿಹಾಕುತ್ತಾರೆ. ಮದುವೆಯೂಟದ ಪಂಕ್ತಿಯಲ್ಲಿ ಎಡಗಡೆ ಕುಳಿತವರದು ಒಂದು ಅಭಿಪ್ರಾಯ, ಬಲಗಡೆಯವರದು ಮತ್ತೊಂದು. ಪಾಯಸ ಬರುವ ಹೊತ್ತಿಗೆ ಕೊಳ್ಳುವವನ ತಲೆ ಪೂರ್ತಿ ಕೆಟ್ಟಿರುತ್ತದೆ.

ಬದಿಯಡ್ಕದಿಂದ ಒಳಗೆ ಎರಡೆಕ್ರೆ ಅಡಿಕೆ ತೋಟವಿರುವ ನನ್ನ ಭಾವನ ಗತಿಯೂ ಇದೇ ಆಗಿತ್ತು. ಮೂರು ವರ್ಷದ ಅಡಿಕೆಯಲ್ಲಿ ಉಳಿಸಿದ ಹಣ, ಅದರ ಮೇಲೆ ಬ್ಯಾಂಕಿನ ಸಾಲ. ಕೊಳ್ಳುವುದು ಜೀವಮಾನಕ್ಕೆ ಒಂದೇ ಕಾರು. ಮನೆಯಲ್ಲಿ ಎಂಬತ್ತು ದಾಟಿದ ನನ್ನ ಅತ್ತೆಯಿದ್ದಾರೆ. ಹೃದಯದ ತೊಂದರೆಗೆ ತಿಂಗಳಿಗೊಮ್ಮೆ ಅವರನ್ನು ಮಂಗಳೂರಿಗೆ ಕರೆದೊಯ್ಯಬೇಕು. ಕರೆದಾಗ ಬರುತ್ತಿದ್ದ ನೆರೆಮನೆಯ ಜೀಪು ಮಾರಾಟವಾಗಿ ವರ್ಷವಾಯಿತು. ಮಂಗಳೂರಿನಲ್ಲಿ ಓದುತ್ತಿರುವ ಮಗ ಎರಡು ಹೆಸರು ಆರಿಸಿಕೊಟ್ಟಿದ್ದ: ಟಾಟಾದವರ ಪಂಚ್, ಹ್ಯೂಂಡೈಯವರ ಎಕ್ಸ್‌ಟರ್.

“ಭಾವಾ, ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ. ಈ ಅಂಕೆಸಂಖ್ಯೆ ನನ್ನ ತಲೆಗೆ ಹೋಗುವುದಿಲ್ಲ” ಎಂದು ಫೋನು ಬಂತು. ಹೋದೆ. ಅಲ್ಲಿ ಕಂಡದ್ದು, ಕಲಿತದ್ದು ಇಂಥದೇ ಗೊಂದಲದಲ್ಲಿರುವ ನಮ್ಮ ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಜೀಪಿನ ಹೆಸರು, ಕಾರಿನ ಮೈ

ಒಂದು ಕಾಲದಲ್ಲಿ ಈ ಗೊಂದಲಕ್ಕೆ ಅವಕಾಶವೇ ಇರಲಿಲ್ಲ. ಉಳ್ಳವರಿಗೆ ಅಂಬಾಸಿಡರ್ ಅಥವಾ ಫಿಯೆಟ್, ಗುಡ್ಡದ ದಾರಿಗೆ ಜೀಪು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ದಶಂಬರದಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದ ಅಂಗಳಕ್ಕೂ ಕಾರು ಇಳಿಯತೊಡಗಿತು. ಆದರೆ ನಮ್ಮ ಮುರಕಲ್ಲಿನ ಏರು, ಮಳೆಗಾಲದ ಕೆಸರು, ತೋಟದ ಗೊಬ್ಬರದ ಮೂಟೆ ಇವುಗಳ ನಡುವೆ ಜೀಪಿನ ಸ್ಥಾನ ಹಾಗೆಯೇ ಉಳಿಯಿತು.

ಇಂದು ‘ಎಸ್‌ಯುವಿ’ ಎಂಬ ಮೂರಕ್ಷರವನ್ನು ಕೇಳಿದೊಡನೆ ನಮ್ಮವರ ಮನಸ್ಸಿನಲ್ಲಿ ಮೂಡುವುದು ಆ ಜೀಪಿನ ಚಿತ್ರವೇ. ಮೊದಲ ತಪ್ಪು ಆಗುವುದು ಇಲ್ಲಿ. ಪಂಚ್ ಆಗಲಿ, ಎಕ್ಸ್‌ಟರ್ ಆಗಲಿ ಜೀಪು ಅಲ್ಲ. ಎರಡೂ ಎತ್ತರಿಸಿದ ಮೈಯ ಸಣ್ಣ ಕಾರುಗಳು. ಎರಡರಲ್ಲೂ ಎಂಜಿನಿನ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ.

ಇವು ಇಷ್ಟೇ ಗಾತ್ರಕ್ಕೆ ಬಂದು ನಿಂತದ್ದಕ್ಕೆ ಕಾರಣ ತೆರಿಗೆ. 2006ರ ಕೇಂದ್ರ ಬಜೆಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನಿನ ಕಾರುಗಳ ಅಬಕಾರಿ ಸುಂಕವನ್ನು ಇಳಿಸಲಾಯಿತು. ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮಿತಿ. ಅಂದಿನಿಂದ ಕಂಪನಿಗಳೆಲ್ಲ ಈ ಗೆರೆಯೊಳಗೆ ಕಾರು ಕೂರಿಸಲು ಹೆಣಗುತ್ತಿವೆ. 2025ರ ಸೆಪ್ಟಂಬರ್ 22ರಿಂದ ಇಂಥ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ, ಸೆಸ್ ಸೇರಿ ಶೇ. 29 ಇದ್ದದ್ದು ಶೇ. 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ ನೂರು ರೂಪಾಯಿ ಎಂದಿಟ್ಟುಕೊಂಡರೆ 129 ಕೊಡಬೇಕಿದ್ದಲ್ಲಿ ಈಗ 118. ಭಾವ ಎರಡು ವರ್ಷ ಮುಂದೂಡಿದ್ದರಿಂದ ಆದ ಲಾಭ ಇದೊಂದು.

ಕಾಗದದ ಮೇಲೆ

ಪಂಚ್ ಮಾರುಕಟ್ಟೆಗೆ ಬಂದದ್ದು 2021ರ ಅಕ್ಟೋಬರಿನಲ್ಲಿ, ಎಕ್ಸ್‌ಟರ್ 2023ರ ಜುಲೈಯಲ್ಲಿ. ಬಿಡುಗಡೆಯ ಕಾಲದ ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಅವು ಅವಳಿ ಮಕ್ಕಳಂತೆ ಕಾಣುತ್ತವೆ. ಉದ್ದ ಪಂಚ್‌ನದು 3827 ಮಿ.ಮೀ., ಎಕ್ಸ್‌ಟರಿನದು 3815. ಅಗಲ ಕ್ರಮವಾಗಿ 1742 ಮತ್ತು 1710. ನೆಲದಿಂದ ಹೊಟ್ಟೆಯ ಎತ್ತರ 187 ಮತ್ತು 185. ಈ ಎರಡು ಮಿಲಿಮೀಟರಿನ ಮೇಲೆ ಪೇಟೆಯಲ್ಲಿ ಎಷ್ಟು ವಾದ ನಡೆಯುತ್ತದೆಂದರೆ, ಅದು ಒಂದು ನಾಣ್ಯದ ದಪ್ಪ ಎಂಬುದೇ ವಾದಿಸುವವರಿಗೆ ಮರೆತುಹೋಗಿರುತ್ತದೆ. ಹಿಂದೆ ಸಾಮಾನು ಇಡುವ ಜಾಗ ಪಂಚ್‌ನಲ್ಲಿ 366 ಲೀಟರ್, ಎಕ್ಸ್‌ಟರಿನಲ್ಲಿ 391. ಪೆಟ್ರೋಲ್ ಟಾಂಕಿ ಎರಡರಲ್ಲೂ 37 ಲೀಟರಿನದು.

ನಿಜವಾದ ವ್ಯತ್ಯಾಸ ಇರುವುದು ಬಾನೆಟ್ಟಿನ ಕೆಳಗೆ. ಪಂಚ್‌ನ 1199 ಸಿ.ಸಿ. ಎಂಜಿನಿಗೆ ಮೂರು ಸಿಲಿಂಡರ್, ಎಕ್ಸ್‌ಟರಿನ 1197 ಸಿ.ಸಿ.ಗೆ ನಾಲ್ಕು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಒಂದರ ಬಡಿತವನ್ನು ಇನ್ನೊಂದು ಸರಿದೂಗಿಸುವುದರಿಂದ ಅದು ಸಹಜವಾಗಿ ಮೆತ್ತಗೆ ಓಡುತ್ತದೆ. ಮೂರರ ಎಂಜಿನಿನಲ್ಲಿ ತುಸು ಹೆಚ್ಚು ಕಂಪನವಿರುತ್ತದೆ. ಎಳೆಯುವ ಬಲ ಎರಡಕ್ಕೂ ಸುಮಾರು 113 ನ್ಯೂಟನ್ ಮೀಟರ್. ಆದರೆ ಆ ಪೂರ್ಣ ಬಲ ಪಂಚ್‌ಗೆ ಸಿಗುವುದು ನಿಮಿಷಕ್ಕೆ ಸುಮಾರು 3300 ಸುತ್ತಿನಲ್ಲಿ, ಎಕ್ಸ್‌ಟರಿಗೆ 4000 ಸುತ್ತಿನಲ್ಲಿ. ಬಿಡುಗಡೆಯಾದ ಮೇಲೆ ಕಂಪನಿಗಳು ಆಗಾಗ ತಿದ್ದುಪಡಿ ಮಾಡುತ್ತವೆ. ಆದುದರಿಂದ ಕೊಳ್ಳುವ ದಿನದ ಅಳತೆಯ ಕಾಗದವನ್ನೇ ಕೇಳಿ ಪಡೆಯಬೇಕು.

“ಇಷ್ಟೆಲ್ಲ ಓದಿ ಏನಾಯಿತು? ಎರಡೂ ಒಂದೇ ಎಂದಾಯಿತಲ್ಲ” ಎಂದರು ಭಾವ.

“ಕಾಗದದಲ್ಲಿ ಒಂದೇ. ನಿಮ್ಮ ಚಡವಿನಲ್ಲಿ ಒಂದೇ ಹೌದೋ ಅಲ್ಲವೋ ನೋಡುವ” ಎಂದೆ.

ಏರಿನ ಪರೀಕ್ಷೆ

ಷೋರೂಮಿನವರು ಕಾರನ್ನು ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿ ತೋರಿಸುತ್ತಾರೆ. ಆ ರಸ್ತೆಯಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ನಾವು ಒತ್ತಾಯ ಮಾಡಿ ಎರಡನ್ನೂ ಬೇರೆ ಬೇರೆ ದಿನ ಮನೆಗೆ ತರಿಸಿದೆವು. ತೋಟದ ಮನೆಗಳೆಲ್ಲ ಇರುವಂತೆ ಭಾವನ ಮನೆಯೂ ತಗ್ಗಿನಲ್ಲಿದೆ. ಡಾಮರು ರಸ್ತೆಯಿಂದ ಇನ್ನೂರು ಮೀಟರ್ ಇಳಿಯಬೇಕು. ನಡುವೆ ಒಂದು ತಿರುವು, ಒಂದು ಬದಿ ಮುರಕಲ್ಲಿನ ಗೋಡೆ, ಇನ್ನೊಂದು ಬದಿ ಚರಂಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇಂಥ ದಾರಿ ಆಷಾಢದಲ್ಲಿ ಪಾಚಿ ಹಿಡಿದು ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಕಾರು ಏರು ಹತ್ತುವಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಹಿಂದೆ ಮೂರು ಜನ ಕುಳಿತಿದ್ದರೆ ಮತ್ತಷ್ಟು. ಆಗ ಮುಂದಿನ ಚಕ್ರಗಳ ಮೇಲಿನ ಭಾರ ಹಗುರಾಗುತ್ತದೆ. ಎಳೆಯಬೇಕಾದದ್ದು ಅವೇ. ಪಾಚಿಯ ಮೇಲೆ ಅವು ಸುಮ್ಮನೆ ತಿರುಗತೊಡಗಿದರೆ ಎಂಜಿನಿನ ಬಲ ಎಷ್ಟಿದ್ದರೂ ಕಾರು ಮುಂದೆ ಹೋಗದು. ಹಿಂದಿನ ಚಕ್ರಕ್ಕೂ ಶಕ್ತಿ ಕೊಡುತ್ತಿದ್ದ ಹಳೆಯ ಜೀಪು ಹತ್ತಿದ ಕಡೆ ಈ ಕಾರುಗಳು ಹತ್ತಿಯೇ ತೀರುತ್ತವೆಂದು ನಂಬಬಾರದು. ಹೆಸರಿನಲ್ಲಿ ಎಸ್‌ಯುವಿ ಇದ್ದಮಾತ್ರಕ್ಕೆ ಪಾಚಿ ದಾರಿ ಬಿಡುವುದಿಲ್ಲ.

ಒಣ ದಿನ, ಐದು ಜನ ಕುಳಿತು ಹತ್ತಿದೆವು. ಸಣ್ಣ ಎಂಜಿನಿನ ಧರ್ಮದಂತೆ ಎರಡನ್ನೂ ಮೊದಲ ಗೇರಿನಲ್ಲೇ ಹತ್ತಿಸಬೇಕಾಯಿತು. ಎರಡೂ ಹತ್ತಿದವು. ತಿರುವಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿದೆವು. ಮುಖ್ಯವಾದ ಪರೀಕ್ಷೆ ಇದೇ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದಾಗ ಕ್ಷಣಕಾಲ ಕಾರನ್ನು ಹಿಡಿದಿಡುವ ವ್ಯವಸ್ಥೆ ಕೆಲವು ಕಾರುಗಳಲ್ಲಿ ಇರುತ್ತದೆ. ಅದು ನೀವು ಕೊಳ್ಳುವ ದರ್ಜೆಯಲ್ಲಿ ಇದೆಯೇ ಎಂದು ಕೇಳಿ, ಇದ್ದರೆ ನಿಮ್ಮ ಏರಿನಲ್ಲೇ ನೋಡಿ. ಕ್ಲಚ್ ಇಲ್ಲದ ತಾನೇ ಗೇರು ಬದಲಾಯಿಸುವ ಬಗೆಯನ್ನು ಕೊಳ್ಳುವವರಿಗಂತೂ ಈ ಪರೀಕ್ಷೆ ಇಲ್ಲದೆ ಮುಂಗಡ ಕೊಡಬೇಡಿ ಎಂದೇ ಹೇಳುತ್ತೇನೆ.

ಅತ್ತೆ ಚಾವಡಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ನನಗೆ ಹತ್ತಲಿಕ್ಕೆ ಇಳಿಯಲಿಕ್ಕೆ ಆಗುವಂಥದ್ದು ತನ್ನಿ. ಮತ್ತೆ ಹೆಸರು ಏನಾದರೂ ಇರಲಿ” ಎಂದರು. ಆಮೇಲೆ ಅವರನ್ನೂ ಕೂರಿಸಿ ನೋಡಿದೆವು. ಪಂಚ್‌ನ ಬಾಗಿಲು ಪೂರ್ತಿ 90 ಡಿಗ್ರಿ ತೆರೆಯುತ್ತದೆ. ಗಂಟು ನೋವಿನ ಅತ್ತೆ ಸೀಟಿಗೆ ಬೆನ್ನು ಮಾಡಿ ಕುಳಿತು, ಕಾಲೆರಡನ್ನೂ ಒಟ್ಟಿಗೆ ಒಳಗೆಳೆದುಕೊಂಡರು. ಕೈಹಿಡಿಯಲು ಸೊಸೆ ಬಾಗಿಲ ಸಂದಿಯಲ್ಲಿ ನಿಲ್ಲಲೂ ಜಾಗವಿತ್ತು. ಎಕ್ಸ್‌ಟರಿನಲ್ಲಿ ಕುಳಿತಾಗ ಅವರಿಗೆ ಹಿಡಿಸಿದ್ದು ಎಂಜಿನಿನ ಸದ್ದು ಕಡಿಮೆ ಎಂಬುದು. “ಇದು ಓಡುವುದೇ ಗೊತ್ತಾಗುವುದಿಲ್ಲ” ಎಂದರು.

ಹೆದ್ದಾರಿಯ ಮಾತು

ತೋಟದ ಓಣಿ ದಾಟಿದರೆ ಎದುರಾಗುವುದು ಇನ್ನೊಂದು ಲೋಕ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಭಾಗ ಈಗ ಆರು ಪಥದ್ದು. ಮೊದಲು ನಲವತ್ತರಲ್ಲಿ ಹೋಗುತ್ತಿದ್ದವರು ಇಂದು ಎಂಬತ್ತರಲ್ಲಿ ಹೋಗುತ್ತಾರೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯ ವಿಜ್ಞಾನ. ಆದ್ದರಿಂದ ಸುರಕ್ಷತೆಯ ಪ್ರಶ್ನೆಯನ್ನು ಬಣ್ಣದ ಪ್ರಶ್ನೆಗಿಂತ ಮೊದಲು ಕೇಳಬೇಕು.

2021ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಪಂಚ್‌ಗೆ ದೊಡ್ಡವರ ರಕ್ಷಣೆಯಲ್ಲಿ ಐದು, ಮಕ್ಕಳ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. ಅಂದು ಅದರಲ್ಲಿದ್ದದ್ದು ಎರಡು ಗಾಳಿಚೀಲ. ಎಕ್ಸ್‌ಟರ್ 2023ರಲ್ಲಿ ಬಂದಾಗಲೇ ಅತಿ ಕಡಿಮೆ ಬೆಲೆಯ ದರ್ಜೆಯಲ್ಲೂ ಆರು ಗಾಳಿಚೀಲಗಳನ್ನು ಕೊಟ್ಟಿತು. ಒಂದರ ಹೆಮ್ಮೆ ಗಟ್ಟಿ ಮೈ, ಇನ್ನೊಂದರದು ಗಾಳಿಚೀಲ. ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನಕ್ಷತ್ರ ಯಾವ ವರ್ಷದ, ಯಾವ ಮಾದರಿಗೆ ಬಂದದ್ದು ಎಂದು ವಿಚಾರಿಸಿಕೊಳ್ಳಬೇಕು. ಇನ್ನು, ಹಿಂದಿನ ಸೀಟಿನವರು ಬೆಲ್ಟು ಹಾಕದಿದ್ದರೆ ಐದು ನಕ್ಷತ್ರವೂ ಪ್ರಯೋಜನಕ್ಕೆ ಬಾರದು.

ಗಡಿಯಾಚೆಯ ನಂಬರು

ನಮ್ಮಂಥ ಗಡಿನಾಡಿನವರಿಗೆ ಮಾತ್ರ ಬರುವ ಪ್ರಶ್ನೆಯೊಂದಿದೆ. “ಮಂಗಳೂರಿನಲ್ಲಿ ತಂಗಿಯ ಮನೆಯ ವಿಳಾಸ ಕೊಟ್ಟು ಕೆ.ಎ. 19 ಮಾಡಿಸಿದರೆ ಹೇಗೆ?” ಎಂದು ಭಾವ ಕೇಳಿದರು. ಹಲವರು ಕೇಳುವ ಪ್ರಶ್ನೆಯೇ ಇದು. 1988ರ ಮೋಟಾರು ವಾಹನ ಕಾಯಿದೆಯ 40ನೇ ವಿಧಿಯ ಪ್ರಕಾರ ವಾಹನವನ್ನು ಸಾಮಾನ್ಯವಾಗಿ ಇಡುವ ಮಾಲೀಕನ ಮನೆ ಅಥವಾ ವ್ಯವಹಾರದ ಸ್ಥಳ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಯಾವುದಾದರೂ ಕಚೇರಿಯಲ್ಲಿ ನೋಂದಣಿ ಆಗಬೇಕು. 47ನೇ ವಿಧಿಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರಿಗೆ ಅರ್ಜಿ ಹಾಕಬೇಕು. ಕಾರು ಮಲಗುವುದು ಬದಿಯಡ್ಕದ ಅಂಗಳದಲ್ಲಾದರೆ ಕೆ.ಎಲ್. ನಂಬರು ಮಾಡಿಸುವುದೇ ಕ್ರಮ. ಮಂಗಳೂರಿನಲ್ಲಿ ಕೊಂಡು, ತಾತ್ಕಾಲಿಕ ನಂಬರಿನಲ್ಲಿ ತಂದು, ಇಲ್ಲಿ ನೋಂದಾಯಿಸಲು ಅಡ್ಡಿಯಿಲ್ಲ. ತೆರಿಗೆ ಮಾತ್ರ ಇಲ್ಲಿಗೇ ಕಟ್ಟಬೇಕು.

ಕಾಗದಪತ್ರದ ವಿಷಯದಲ್ಲೂ ಎಚ್ಚರ ಬೇಕು. ಇಲ್ಲಿ ಮಾತುಕತೆ ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಎರಡನ್ನೂ ಅರ್ಧ ಅರ್ಥ ಮಾಡಿಕೊಂಡು ಸಹಿ ಹಾಕಿಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಸಂಬಂಧಿಕರೊಬ್ಬರು ಬೇರೊಂದು ವಾಹನ ಕೊಂಡಾಗ, ಕೇಳದೇ ಇದ್ದ ಸೀಟು ಕವರು, ಪಾಲಿಶು ಎಂದೆಲ್ಲ ಸೇರಿ ಇಪ್ಪತ್ತು ಸಾವಿರ ದಾಟಿದ್ದು ಮನೆಗೆ ಬಂದ ಮೇಲೆ ತಿಳಿಯಿತು. ಓದಬಲ್ಲ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಒಂದೊಂದು ಸಾಲಿಗೂ ಅರ್ಥ ಕೇಳಿರಿ. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆ ಮಾತ್ರ 2018ರ ಸೆಪ್ಟಂಬರಿನಿಂದ ಕಡ್ಡಾಯ.

ಕೊನೆಯ ಲೆಕ್ಕ

ಮೈಲೇಜಿನ ಬಗ್ಗೆ ಭಾವನಿಗೆ ಬಹಳ ಚಿಂತೆಯಿತ್ತು. ಕಂಪನಿಗಳು ಎರಡಕ್ಕೂ ಹೇಳುವುದು ಲೀಟರಿಗೆ 20 ಕಿ.ಮೀ. ಆಸುಪಾಸು. ನಮ್ಮ ಏರಿಳಿತದಲ್ಲಿ ಹದಿನೈದೋ ಹದಿನಾರೋ ಬರಬಹುದು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 8000 ಕಿ.ಮೀ. ಓಡಿಸಿದರೆ ಹದಿನೈದರ ಲೆಕ್ಕದಲ್ಲಿ 533 ಲೀಟರ್, ಹದಿನಾರರ ಲೆಕ್ಕದಲ್ಲಿ 500. ವ್ಯತ್ಯಾಸ 33 ಲೀಟರ್, ಅಂದರೆ ವರ್ಷಕ್ಕೆ ಮೂರೂವರೆ ಸಾವಿರ ರೂಪಾಯಿಯ ಹತ್ತಿರ. ಒಂದೇ ಕಾರಿನ ಕೆಳ ದರ್ಜೆಗೂ ಮೇಲು ದರ್ಜೆಗೂ ಇರುವ ಅಂತರವಾದರೋ ಲಕ್ಷಗಳಲ್ಲಿ. ಮೈಲೇಜಿಗಾಗಿ ನಿದ್ದೆಗೆಟ್ಟವರು ಮಾಡಿನ ಕಿಟಕಿಗೆ, ಮಿಂಚುವ ಚಕ್ರಕ್ಕೆ ಮರುಮಾತಿಲ್ಲದೆ ಹಣ ಸುರಿಯುವುದು ವಿಚಿತ್ರ.

ಪೇಟೆಯಲ್ಲಿ ಮನೆ, ದಾರಿ ಸಮತಟ್ಟು, ದೂರದ ಪ್ರಯಾಣ ಹೆಚ್ಚು, ಸಾಮಾನು ಹೆಚ್ಚು ಎನ್ನುವ ಕುಟುಂಬವಾಗಿದ್ದರೆ ನಾಲ್ಕು ಸಿಲಿಂಡರಿನ ಮೆತ್ತನೆಯ ಎಕ್ಸ್‌ಟರನ್ನೇ ನಾನು ಹೇಳುತ್ತಿದ್ದೆ. ಭಾವನ ಮನೆಯಲ್ಲಿ ತೀರ್ಮಾನವನ್ನು ಹೇಳಿದ್ದು ಅತ್ತೆಯ ಗಂಟುಗಳು. ಬಾಗಿಲು ಅಗಲಕ್ಕೆ ತೆರೆಯುವ ಪಂಚ್ ಬಂತು. ಅದರಲ್ಲೂ ಮಗ ಆಸೆಪಟ್ಟಿದ್ದ ಮೇಲಿನ ದರ್ಜೆಯಲ್ಲ, ನಡುವಿನದು.

ಉಳಿದ ಹಣದಲ್ಲಿ ಒಂದು ಭಾಗವನ್ನು ಭಾವ ಆ ಇನ್ನೂರು ಮೀಟರ್ ಏರಿಗೆ ಖರ್ಚು ಮಾಡಿದರು. ಚಕ್ರ ಹೋಗುವ ಎರಡು ಸಾಲಿಗೆ ಕಾಂಕ್ರೀಟು ಹಾಕಿ, ಹಸಿಯಿರುವಾಗಲೇ ಅಡ್ಡಗೆರೆ ಎಳೆಸಿದರು. ಎರಡು ಕಾರುಗಳನ್ನು ಹೋಲಿಸಲು ಹೊರಟು ಕೊನೆಗೆ ನಾವು ಕಂಡುಕೊಂಡದ್ದು, ಮೊದಲು ಸರಿಮಾಡಬೇಕಾದದ್ದು ದಾರಿ ಎಂಬುದನ್ನು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅತ್ತೆಗೆ ಎದೆನೋವು ಬಂತು. ಜಡಿಮಳೆ. ಕಾರು ಒಂದೇ ಉಸಿರಿಗೆ ಏರು ಹತ್ತಿ ರಸ್ತೆ ಸೇರಿತು. ಬೆಳಕು ಹರಿಯುವ ಹೊತ್ತಿಗೆ ಮಂಗಳೂರಿನ ವೈದ್ಯರು ಅಪಾಯವಿಲ್ಲ ಎಂದಿದ್ದರು. ಅತ್ತೆ ಈಗಲೂ ಚಾವಡಿಯಲ್ಲೇ ಕುಳಿತಿರುತ್ತಾರೆ. ಕಾರಿನ ಹೆಸರೇನು ಎಂದು ಕೇಳಿದರೆ, “ನಮ್ಮ ಬಿಳಿ ಕಾರು” ಎನ್ನುತ್ತಾರೆ.